ಹಾಡು ಯಾವ ಪುಟಕ್ಕೆ? ಒಂದು ಶನಿವಾರದ ಪುರವಣಿಯ ಮೂರು ಜನವರಿಗಳು

ಆಸ್ಟ್ರೇಲಿಯಾದ ಒಂದು ಪ್ರಾದೇಶಿಕ ದಿನಪತ್ರಿಕೆಯ ಕಾಪಿ ಡೆಸ್ಕಿನಲ್ಲಿ, ಅಂದರೆ ಬರಹಗಳನ್ನು ತಿದ್ದಿ ಪುಟಕ್ಕೆ ಹೊಂದಿಸುವ ವಿಭಾಗದಲ್ಲಿ, ನಾನು ಕೆಲವು ವರ್ಷ ಕೆಲಸ ಮಾಡಿದೆ. ಅದಕ್ಕೂ ಮೊದಲು ಬೆಂಗಳೂರಿನ ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಆಸ್ಟ್ರೇಲಿಯಾದಲ್ಲಿ ನನ್ನ ಪಾಲಿಗೆ ಬಂದದ್ದು ಶನಿವಾರದ ಕಲೆ–ಸಾಹಿತ್ಯ ಪುರವಣಿ. ಆ ಪುರವಣಿ ಮೂರು ವರ್ಷ ಜನವರಿಯಲ್ಲಿ ಕಂಟ್ರಿ ಸಂಗೀತದ (ಗಿಟಾರ್ ಹಿಡಿದು ಹಾಡುವ ಹಳ್ಳಿಗಾಡಿನ ಹಾಡುಗಳ) ಬಗ್ಗೆ ಬರೆಯಲು ಹೋಗಿ ಎರಡು ಸಲ ಎಡವಿತು. ಮೂರನೇ ಸಲ ಸ್ವಲ್ಪ ದಾರಿ ಸಿಕ್ಕಿತು. ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಪತ್ರಿಕೆ, ಊರು, ಸಹೋದ್ಯೋಗಿಗಳು, ಪತ್ರ ಬರೆದ ಓದುಗರು ಇವರ್ಯಾರ ಹೆಸರೂ ಇಲ್ಲಿಲ್ಲ. ಇಸವಿಯನ್ನೂ ಹೇಳುತ್ತಿಲ್ಲ. ಕವಿಗಳು, ಗಾಯಕರು, ಹಳೆಯ ಪತ್ರಿಕೆಗಳ ಹೆಸರು ಮಾತ್ರ ಇದ್ದ ಹಾಗೇ ಇವೆ.

ಹಿನ್ನೆಲೆ

ಅಲ್ಲಿ ಶನಿವಾರದ ಪತ್ರಿಕೆ ಅಂದರೆ ನಮ್ಮ ಭಾನುವಾರದ ಸಂಚಿಕೆ ಇದ್ದ ಹಾಗೆ. ದಪ್ಪ ಇರುತ್ತದೆ. ಮನೆಯವರೆಲ್ಲ ಒಂದೊಂದು ಭಾಗ ಹಂಚಿಕೊಂಡು ಓದುತ್ತಾರೆ. ದೊಡ್ಡ ಪತ್ರಿಕೆಗಳಿಗೆ ಹೆಸರಾದ ಕಲಾ ಪುರವಣಿಗಳಿವೆ. ಸಿಡ್ನಿ ಮಾರ್ನಿಂಗ್ ಹೆರಾಲ್ಡ್ ಮತ್ತು ದಿ ಏಜ್ ಪತ್ರಿಕೆಗಳಿಗೆ ‘ಸ್ಪೆಕ್ಟ್ರಮ್’, ದಿ ವೀಕೆಂಡ್ ಆಸ್ಟ್ರೇಲಿಯನ್‌ಗೆ ‘ರಿವ್ಯೂ’. ನಮ್ಮದು ಇವಕ್ಕಿಂತ ತುಂಬ ಚಿಕ್ಕದು. ಪುಸ್ತಕಕ್ಕೆ ಎರಡು ಪುಟ, ಸಂಗೀತಕ್ಕೆ ಒಂದು ಪುಟ, ಉಳಿದದ್ದು ಸಿನಿಮಾ, ನಾಟಕ, ಚಿತ್ರಕಲೆ.

ಈ ಪುಟಗಳ ನಡುವಿನ ಗೋಡೆ ಎಷ್ಟು ಗಟ್ಟಿ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಪುಸ್ತಕದ ಪುಟಕ್ಕೆ ಬೇರೆ ಬಜೆಟ್, ಬೇರೆ ಬರಹಗಾರರು, ಬೇರೆ ಜಾಹೀರಾತು. ಸಂಗೀತದ ಪುಟಕ್ಕೂ ಹಾಗೇ. ಒಂದು ಬರಹ ಎರಡೂ ಕಡೆಗೆ ಸೇರಿದ್ದಾದರೆ ಅದು ಯಾರ ಮೇಜಿನ ಮೇಲೂ ನಿಲ್ಲುವುದಿಲ್ಲ.

ಜನವರಿಯಲ್ಲಿ ಅಲ್ಲಿ ಬೇಸಿಗೆ. ಅರ್ಧ ಆಫೀಸು ರಜೆಯ ಮೇಲಿರುತ್ತದೆ. ಪ್ರಕಾಶಕರು ಕ್ರಿಸ್‌ಮಸ್‌ಗೆ ಮೊದಲೇ ಪುಸ್ತಕಗಳನ್ನೆಲ್ಲ ಬಿಟ್ಟು ಸುಮ್ಮನಾಗಿರುತ್ತಾರೆ. ನಾಟಕಮಂದಿರಗಳು ಮುಚ್ಚಿರುತ್ತವೆ. ಇಂಥ ಬರಗಾಲದಲ್ಲಿ ಸಿಗುವ ಒಂದು ದೊಡ್ಡ ಸುದ್ದಿ ಟ್ಯಾಮ್‌ವರ್ತ್ ಕಂಟ್ರಿ ಸಂಗೀತ ಉತ್ಸವ. ನ್ಯೂ ಸೌತ್ ವೇಲ್ಸ್ ರಾಜ್ಯದ ಟ್ಯಾಮ್‌ವರ್ತ್ ಎಂಬ ಊರಿನಲ್ಲಿ ಸುಮಾರು ಹತ್ತು ದಿನ ನಡೆಯುತ್ತದೆ. ‘ಗೋಲ್ಡನ್ ಗಿಟಾರ್’ ಪ್ರಶಸ್ತಿಗಳು 1973ರಲ್ಲಿ ಅಲ್ಲಿ ಶುರುವಾದವು. ಊರಿನ ಮುಖ್ಯ ಬೀದಿ ಪೀಲ್ ಸ್ಟ್ರೀಟಿನ ಉದ್ದಕ್ಕೂ ಗಾಯಕರು ಗಿಟಾರ್ ಹಿಡಿದು, ಮುಂದೆ ಪೆಟ್ಟಿಗೆ ತೆರೆದಿಟ್ಟು ನಿಂತಿರುತ್ತಾರೆ.

ನಮ್ಮ ಪತ್ರಿಕೆಗೂ ಪ್ರತಿ ಜನವರಿ ಈ ಉತ್ಸವ ಬೇಕಿತ್ತು. ಉಳಿದ ಹನ್ನೊಂದು ತಿಂಗಳು ಕಂಟ್ರಿ ಸಂಗೀತದ ಮಾತೇ ಇರಲಿಲ್ಲ. ಓದುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಳ್ಳಿ, ಸಣ್ಣ ಪಟ್ಟಣದವರು. ಲಾರಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಅಡುಗೆಮನೆಯ ರೇಡಿಯೋದಲ್ಲಿ ಅವರು ಕೇಳುತ್ತಿದ್ದದ್ದು ಅದನ್ನೇ.

ತೊಡಕು ಎಲ್ಲಿತ್ತು

ನಾನು ಸೇರಿದಾಗ ಹಳೆಯ ಜನವರಿ ಸಂಚಿಕೆಗಳನ್ನು ತೆಗೆದು ನೋಡಿದೆ. ಎಲ್ಲ ವರ್ಷವೂ ಒಂದೇ ಬರಹ. ಅಗಲ ಅಂಚಿನ ಟೋಪಿ ಹಾಕಿದ ಮಗುವಿನ ಫೋಟೋ, ಬಿಸಿಲಿನ ವರ್ಣನೆ, ಹೋಟೆಲು ಕೋಣೆ ಸಿಗದ ಗೋಳು, ಕೊನೆಗೆ ಈ ಸಲ ಯಾರು ಹಾಡುತ್ತಾರೆ ಎಂಬ ಪಟ್ಟಿ. ಹಾಡಿನ ಒಳಗೆ ಏನಿದೆ ಎಂದು ಯಾರೂ ಬರೆದಿರಲಿಲ್ಲ.

ಬರೆದವರ ಸೋಮಾರಿತನ ಇದಕ್ಕೆ ಕಾರಣ ಎಂದು ಮೊದಲು ಅಂದುಕೊಂಡಿದ್ದೆ. ಅದು ತಪ್ಪು. ನಿಜವಾದ ಕಾರಣ ಅಚ್ಚಿನ ವೇಳಾಪಟ್ಟಿ. ಪುರವಣಿ ಶನಿವಾರ ಕೈಗೆ ಬಂದರೂ ಬುಧವಾರವೇ ಪುಟ ಮುಗಿದು ಅಚ್ಚಿಗೆ ಹೋಗುತ್ತಿತ್ತು. ಗೋಲ್ಡನ್ ಗಿಟಾರ್ ಪ್ರಶಸ್ತಿ ಘೋಷಣೆಯಾಗುವುದು ಉತ್ಸವದ ಕೊನೆಯ ಶನಿವಾರ ರಾತ್ರಿ. ಅಂದರೆ ಫಲಿತಾಂಶ ನಮ್ಮ ಪುಟಕ್ಕೆ ಯಾವತ್ತೂ ಸಿಗದು. ಮುಂದಿನ ಶನಿವಾರದ ಹೊತ್ತಿಗೆ ಅದು ಹಳಸಿದ ಸುದ್ದಿ. ಹಾಗಾಗಿ ನಮಗೆ ಉಳಿಯುತ್ತಿದ್ದದ್ದು ನಡೆಯದ ಕಾರ್ಯಕ್ರಮದ ಬಗ್ಗೆ ಮುಂಚೆಯೇ ಬರೆಯುವುದು. ಕೇಳದ ಹಾಡಿನ ಬಗ್ಗೆ ಏನು ಬರೆಯಲು ಸಾಧ್ಯ? ಟೋಪಿಯ ಬಗ್ಗೆ ಬರೆಯಬಹುದು ಅಷ್ಟೆ. ಇದು ಅರ್ಥವಾಗಲು ನಮಗೆ ಎರಡು ವರ್ಷ ಬೇಕಾಯಿತು.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಆಸ್ಟ್ರೇಲಿಯಾದ ಒಳನಾಡನ್ನು ಅಲ್ಲಿನವರು ‘ಬುಷ್’ ಎನ್ನುತ್ತಾರೆ. ಆ ಬುಷ್‌ನ ಸಾಹಿತ್ಯ ಹುಟ್ಟಿದ್ದೇ ವಾರಪತ್ರಿಕೆಯಲ್ಲಿ. ಸಿಡ್ನಿಯಲ್ಲಿ 1880ರಲ್ಲಿ ಶುರುವಾದ ‘ದಿ ಬುಲೆಟಿನ್’ಗೆ ‘ಬುಷ್ ಜನರ ಬೈಬಲ್’ ಎಂದೇ ಹೆಸರಿತ್ತು. ಕುರಿ ಉಣ್ಣೆ ಕತ್ತರಿಸುವವರು, ದನ ಹೊಡೆದುಕೊಂಡು ಹೋಗುವವರು ಅದನ್ನು ಓದುತ್ತಿದ್ದರು, ಅದಕ್ಕೆ ಬರೆಯುತ್ತಲೂ ಇದ್ದರು. 1892ರಲ್ಲಿ ಹೆನ್ರಿ ಲಾಸನ್ ಮತ್ತು ಬ್ಯಾಂಜೋ ಪ್ಯಾಟರ್ಸನ್ ಎಂಬ ಇಬ್ಬರು ಯುವ ಕವಿಗಳು ಆ ಪತ್ರಿಕೆಯಲ್ಲಿ ಪದ್ಯದಲ್ಲೇ ಜಗಳ ಆಡಿದರು. ಬುಷ್ ಅಂದರೆ ಧೂಳು, ಬರ, ಒಂಟಿತನ ಎಂದು ಲಾಸನ್ ಬರೆದರು. ನೀವು ಅದನ್ನು ಸರಿಯಾಗಿ ನೋಡಿಯೇ ಇಲ್ಲ, ಅಲ್ಲಿ ಬಯಲಿದೆ, ಹಾಡಿದೆ, ಬಿಡುಗಡೆ ಇದೆ ಎಂದು ಪ್ಯಾಟರ್ಸನ್ ಉತ್ತರಿಸಿದರು. ಸಿಡ್ನಿಯಲ್ಲಿ ವಕೀಲಿ ಮಾಡಿಕೊಂಡಿದ್ದ ಪ್ಯಾಟರ್ಸನ್ ಮುಂದೆ ಇದರ ಗುಟ್ಟು ಹೇಳಿದರು. ಬರೆದಷ್ಟಕ್ಕೆ ದುಡ್ಡು ಸಿಗುತ್ತಿತ್ತು, ಇಬ್ಬರೂ ಮಾತಾಡಿಕೊಂಡೇ ಜಗಳ ಶುರು ಮಾಡಿದ್ದರು. ಆದರೆ ಲಾಸನ್ ಅದೇ ವರ್ಷ ಸಂಪಾದಕ ಆರ್ಚಿಬಾಲ್ಡ್ ಕೊಟ್ಟ ಐದು ಪೌಂಡು ಮತ್ತು ರೈಲು ಟಿಕೆಟು ಹಿಡಿದು ಬರ್ಕ್ ಎಂಬ ದೂರದ ಊರಿಗೆ ಹೋದರು. ಅಲ್ಲಿಂದ ಬೇಸಿಗೆಯ ಬಿಸಿಲಿನಲ್ಲಿ ಹಂಗರ್‌ಫರ್ಡ್‌ವರೆಗೆ ನಡೆದರು. ಆಮೇಲೆ ಬರೆದದ್ದರಲ್ಲಿ ಆ ನಡಿಗೆ ಇದೆ.

ಈ ಪದ್ಯಗಳು ಪುಸ್ತಕದಲ್ಲಿ ಕೂರಲಿಲ್ಲ. ಬೆಂಕಿಯ ಸುತ್ತ ಕೂತವರು ಬಾಯಿಪಾಠ ಹೇಳಿದರು. ಆಮೇಲೆ ರಾಗ ಕಟ್ಟಿದರು. ಕಂಟ್ರಿ ಗಾಯಕ ಸ್ಲಿಮ್ ಡಸ್ಟಿ ಲಾಸನ್ ಪದ್ಯಗಳನ್ನು ಹಾಡಿದರು. ಪ್ಯಾಟರ್ಸನ್ 1895ರಲ್ಲಿ ಕ್ವೀನ್ಸ್‌ಲ್ಯಾಂಡಿನ ವಿಂಟನ್ ಬಳಿ ಬರೆದ ‘ವಾಲ್ಟ್‌ಸಿಂಗ್ ಮಟಿಲ್ಡಾ’ವನ್ನು 2000ದ ಸಿಡ್ನಿ ಒಲಿಂಪಿಕ್ಸ್ ಮುಕ್ತಾಯ ಸಮಾರಂಭದಲ್ಲಿ ಹಾಡಿದವರೂ ಅವರೇ. ಅಂದರೆ ಪತ್ರಿಕೆ, ಪದ್ಯ, ಹಾಡು ಮೂರೂ ಒಂದೇ ಬಳ್ಳಿ. ಆ ಬಳ್ಳಿಯನ್ನು ನಾವು ಎರಡು ಪುಟಕ್ಕೆ ಕತ್ತರಿಸಿ ಹಾಕಿದ್ದೆವು. ಲಾಸನ್ ಪುಸ್ತಕದ ಪುಟಕ್ಕೆ, ಸ್ಲಿಮ್ ಡಸ್ಟಿ ಸಂಗೀತದ ಪುಟಕ್ಕೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡೇ ಇಲ್ಲ ಎನ್ನುವ ಹಾಗೆ.

ಮೊದಲ ವರ್ಷ: ನಾನು ಕತ್ತರಿಸಿದ ಪ್ಯಾರಾ

ಪುರವಣಿಗೆ ಹೊಸ ಸಂಪಾದಕಿ ಬಂದಿದ್ದರು. ಕುರಿ ಸಾಕುವ ಮನೆಯಲ್ಲಿ ಬೆಳೆದವರು. “ಈ ಸಲ ಎರಡು ಪುಟ ಒಟ್ಟಿಗೆ ತೆಗೆದುಕೊಳ್ಳೋಣ. ಒಂದು ಕಡೆ ಕವಿಗಳು, ಇನ್ನೊಂದು ಕಡೆ ಗಾಯಕರು. ಎದುರುಬದುರು ಇರಲಿ,” ಎಂದರು. ಒಳ್ಳೆಯ ಯೋಚನೆ. ಒಬ್ಬ ಫ್ರೀಲಾನ್ಸ್ ಬರಹಗಾರನಿಗೆ ಒಪ್ಪಿಸಿದರು. ಅವನು ಶ್ರಮಪಟ್ಟು ಬರೆದು ಕಳಿಸಿದ, ಬೇಕಾದ್ದಕ್ಕಿಂತ ಇನ್ನೂರು ಪದ ಜಾಸ್ತಿ.

ಅದನ್ನು ಇಳಿಸುವ ಕೆಲಸ ನನ್ನದು. ಬುಧವಾರ ಮಧ್ಯಾಹ್ನ, ಪುಟ ಬಿಡಲು ಒಂದು ಗಂಟೆ. ಬರಹದ ನಡುವೆ ‘ಎ ಪಬ್ ವಿತ್ ನೋ ಬಿಯರ್’ ಹಾಡಿನ ಪ್ರಸ್ತಾಪ ಇತ್ತು. ಸ್ಲಿಮ್ ಡಸ್ಟಿ 1957ರಲ್ಲಿ ಧ್ವನಿಮುದ್ರಿಸಿದ ಹಾಡು ಅದು. ಬಿಯರ್ ಖಾಲಿಯಾದ ಪಬ್ಬಿನ ದುಃಖ. ಇಂಗ್ಲೆಂಡಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲೂ ಮೂರನೇ ಸ್ಥಾನದವರೆಗೆ ಹೋಗಿತ್ತು. ಹಾಡು ಕಟ್ಟಿದವರು ಗಾರ್ಡನ್ ಪಾರ್ಸನ್ಸ್. ಮುಂದಿನ ಪ್ಯಾರಾದಲ್ಲಿ ಈ ಹಾಡಿಗೆ ಮೂಲವಾದ ಪದ್ಯ ಬರೆದದ್ದು ಉತ್ತರ ಕ್ವೀನ್ಸ್‌ಲ್ಯಾಂಡಿನ ಇಂಗಮ್ ಕಡೆಯ ಕಬ್ಬು ಬೆಳೆಗಾರ ಡ್ಯಾನ್ ಶೀಹನ್ ಎಂದಿತ್ತು. ಹಾಡು ಕಟ್ಟಿದವರ ಹೆಸರು ಇದೆಯಲ್ಲ, ಸಾಕು ಅನ್ನಿಸಿತು. ಆ ಪ್ಯಾರಾ ತೆಗೆದೆ. ಪುಟ ಸರಿಹೋಯಿತು.

ತಲೆಬರಹ ಟೋಪಿಯ ಮೇಲೆಯೇ ಬಂತು. ಫೋಟೋ ಕೂಡ ಟೋಪಿಯದೇ. ಎದುರುಬದುರು ಪುಟ ಮಾಡಿದರೂ ಬಲಗಡೆ ಪುಟ ಎಡಗಡೆ ಪುಟದ ಜೊತೆ ಮಾತಾಡಲಿಲ್ಲ.

ಮುಂದಿನ ವಾರ ಎರಡು ಪತ್ರಗಳು ಬಂದವು. ಈ ಪ್ರಕರಣದ ಮೊದಲ ತಿರುವು ಅವೇ.

ಒಂದು, ಉತ್ತರದ ಕಬ್ಬಿನ ಸೀಮೆಯಿಂದ ವಯಸ್ಸಾದ ಒಬ್ಬ ಹೆಂಗಸು ಕೈಯಲ್ಲಿ ಬರೆದದ್ದು. 1943ರಲ್ಲಿ ಯುದ್ಧದ ಕಾಲ. ಇಂಗಮ್‌ನ ಡೇ ಡಾನ್ ಹೋಟೆಲಿಗೆ ಹಿಂದಿನ ರಾತ್ರಿ ಅಮೆರಿಕದ ಸೈನಿಕರು ಬಂದು ಇದ್ದ ಬಿಯರನ್ನೆಲ್ಲ ಕುಡಿದು ಹೋಗಿದ್ದರು. ದೂರದಿಂದ ಕುದುರೆ ಮೇಲೆ ಬಂದ ಶೀಹನ್‌ಗೆ ಸಿಕ್ಕಿದ್ದು ಒಂದು ಲೋಟ ವೈನ್. ಅದನ್ನಿಟ್ಟುಕೊಂಡು ಕೂತು ಪದ್ಯ ಬರೆದರು. ಆ ಪದ್ಯ 1944ರಲ್ಲಿ ‘ನಾರ್ತ್ ಕ್ವೀನ್ಸ್‌ಲ್ಯಾಂಡ್ ರಿಜಿಸ್ಟರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದು ಬಾಯಿಂದ ಬಾಯಿಗೆ ಹೋಗಿ, ಚೂರಾಗಿ ಪಾರ್ಸನ್ಸ್ ಕೈಗೆ ಸಿಕ್ಕಿತು. ಅವರಿಗೆ ಮೂಲ ಕವಿ ಯಾರೆಂದು ಗೊತ್ತಿರಲಿಲ್ಲ. ಇಷ್ಟನ್ನೂ ಬರೆದು ಆಕೆ ಕೊನೆಗೆ ಒಂದು ಸಾಲು ಸೇರಿಸಿದ್ದರು: ಪದ್ಯವನ್ನು ಮೊದಲು ಅಚ್ಚು ಮಾಡಿದ್ದು ಒಂದು ಪತ್ರಿಕೆ, ಕವಿಯನ್ನು ಈಗ ಬಿಟ್ಟದ್ದೂ ಒಂದು ಪತ್ರಿಕೆ.

ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಮ್ಮಲ್ಲಿ ಸುಗಮ ಸಂಗೀತದ ಕಾರ್ಯಕ್ರಮ ಹೇಗೆ ಶುರುವಾಗುತ್ತದೆ? “ಈಗ ಹಾಡುತ್ತಿರುವ ಗೀತೆ ಬರೆದವರು ಇಂಥ ಕವಿ, ರಾಗ ಸಂಯೋಜನೆ ಇಂಥವರದು.” ಅಷ್ಟು ಹೇಳದೆ ಗಾಯಕರು ಶ್ರುತಿ ಹಿಡಿಯುವುದಿಲ್ಲ. ಆ ಪರದೇಶದ ಊರಿನಲ್ಲೂ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಹತ್ತು ವರ್ಷದ ಹುಡುಗಿ ಮೈಕ್ ಮುಂದೆ ನಿಂತು ಮೊದಲು ಕವಿಯ ಹೆಸರು ಹೇಳಿಯೇ ಹಾಡಿದ್ದಳು. ನಾನೇ ಮುಂದಿನ ಸಾಲಿನಲ್ಲಿ ಕೂತಿದ್ದೆ. ಅಂಥ ರೂಢಿಯಲ್ಲಿ ಬೆಳೆದವನು ನಾನು ಕವಿಯ ಹೆಸರನ್ನೇ ಕತ್ತರಿಸಿದ್ದೆ.

ಎರಡನೇ ಪತ್ರ ಚಿಕ್ಕದು, ಒಬ್ಬ ಅಬೊರಿಜಿನಲ್ (ಆಸ್ಟ್ರೇಲಿಯಾದ ಮೂಲನಿವಾಸಿ) ಶಿಕ್ಷಕರದು. ನಿಮ್ಮ ಎರಡು ಪುಟದಲ್ಲಿ ಬಂದ ಕವಿ, ಗಾಯಕರೆಲ್ಲ ಬಿಳಿಯ ಗಂಡಸರು, ನಮ್ಮ ಮನೆಗಳಲ್ಲಿ ಮೂರು ತಲೆಮಾರಿನಿಂದ ಈ ಹಾಡು ಕಟ್ಟುತ್ತಿದ್ದೇವೆ ಎಂದು ಬರೆದಿದ್ದರು. ಯೋರ್ಟಾ ಯೋರ್ಟಾ ಎಂಬ ಅಬೊರಿಜಿನಲ್ ಸಮುದಾಯದ ಗಾಯಕ ಜಿಮ್ಮಿ ಲಿಟಲ್ ಅವರ ‘ರಾಯಲ್ ಟೆಲಿಫೋನ್’ ದೇಶದಾದ್ಯಂತ ಗೆದ್ದದ್ದು 1963ರಲ್ಲಿ. ಅಬೊರಿಜಿನಲ್ ಕಂಟ್ರಿ ಗಾಯಕರ ಚರಿತ್ರೆಯನ್ನೇ ಹೇಳುವ ‘ಬರೀಡ್ ಕಂಟ್ರಿ’ ಎಂಬ ಪುಸ್ತಕ 2000ದಲ್ಲೇ ಬಂದಿತ್ತು. ಆ ಪುಸ್ತಕ ನಮ್ಮ ಆಫೀಸಿನ ಕಪಾಟಿನಲ್ಲೇ ಇತ್ತು. ಪುಸ್ತಕದವರು ಅದನ್ನು ಸಂಗೀತದ್ದು ಎಂದು ಬಿಟ್ಟಿದ್ದರು. ಸಂಗೀತದವರು ಪುಸ್ತಕ ಎಂದು ಬಿಟ್ಟಿದ್ದರು.

ತಪ್ಪೊಪ್ಪಿಗೆಯ ಎರಡು ಸಾಲು ಹಾಕಿದೆವು, ಶೀಹನ್ ಹೆಸರಿನ ಜೊತೆ. ಒಳ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ.

ಎರಡನೇ ವರ್ಷ: ಹಾಡನ್ನು ಮೇಜಿನ ಮೇಲಿಟ್ಟು ನೋಡಿದ್ದು

ಈ ಸಲ ಸಂಪಾದಕಿ ಗಟ್ಟಿಯಾಗಿ ಒಂದು ಹೆಜ್ಜೆ ಇಟ್ಟರು. ಕಂಟ್ರಿ ಹಾಡನ್ನು ಪುಸ್ತಕದ ಪುಟದಲ್ಲೇ ವಿಮರ್ಶೆ ಮಾಡಿಸುವುದು. ಅನುಭವಿ ಪುಸ್ತಕ ವಿಮರ್ಶಕರೊಬ್ಬರಿಗೆ ಹೊಸ ಆಲ್ಬಮ್ಮಿನ ಸಾಹಿತ್ಯ ಕಳಿಸಿದರು. ಒಂದು ಹಾಡನ್ನು ಪೂರ್ತಿ, ಕವಿತೆಯ ಹಾಗೆ, ಪುಟದ ಮಧ್ಯೆ ಅಚ್ಚು ಮಾಡುವುದೆಂದು ತೀರ್ಮಾನ.

ಎರಡು ಕಡೆ ಪೆಟ್ಟು ಬಿತ್ತು. ಒಂದು ಕಾನೂನಿನದು. ಲಾಸನ್ ತೀರಿಕೊಂಡದ್ದು 1922ರಲ್ಲಿ, ಪ್ಯಾಟರ್ಸನ್ 1941ರಲ್ಲಿ. ಅವರ ಪದ್ಯಗಳನ್ನು ಯಾರು ಬೇಕಾದರೂ ಅಚ್ಚು ಮಾಡಬಹುದು. ಈಗಿನ ಹಾಡು ಹಾಗಲ್ಲ. ವಿಮರ್ಶೆಗೆ ಬೇಕಾದ ಒಂದೆರಡು ಸಾಲಿಗೆ ಅಲ್ಲಿನ ಕಾಯ್ದೆಯಲ್ಲಿ ಅವಕಾಶ ಇದೆ. ಇಡೀ ಹಾಡಿಗೆ ಹಕ್ಕುದಾರರ ಒಪ್ಪಿಗೆ ಬೇಕು. ಅರ್ಜಿ ಕಳಿಸಿದ್ದೆವು, ರಜೆಯ ಕಾಲ, ಬುಧವಾರದವರೆಗೂ ಉತ್ತರ ಬರಲಿಲ್ಲ. ಪುಟದ ನಟ್ಟನಡುವೆ ತೂತು. ಅಲ್ಲಿಗೆ ಮತ್ತೆ ಫೋಟೋ ತುಂಬಿದೆವು.

ಇನ್ನೊಂದು ಪೆಟ್ಟು ಇದಕ್ಕಿಂತ ದೊಡ್ಡದು. ವಿಮರ್ಶಕರು ಪ್ರಾಮಾಣಿಕರು. ಹಾಳೆಯ ಮೇಲೆ ಓದಿದರೆ ಸಾಲುಗಳು ತೆಳುವಾಗಿವೆ, ಪ್ರಾಸಕ್ಕೆ ಜೋತುಬಿದ್ದಿವೆ, ಮತ್ತೆ ಮತ್ತೆ ಅದೇ ಬರುತ್ತದೆ ಎಂದು ಬರೆದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಸಾಲುಗಳು ಹಾಳೆಗಾಗಿ ಬರೆದದ್ದೇ ಅಲ್ಲವಲ್ಲ. ಹಾಡಿನ ಪಲ್ಲವಿ ಮತ್ತೆ ಬರುವುದು ಕೇಳುವವರು ಜೊತೆಗೆ ದನಿ ಸೇರಿಸಲಿ ಎಂದು. ಜನಪದ ಲಾವಣಿಯನ್ನು ಅಚ್ಚಿನಲ್ಲಿ ಓದಿ, ಇದೇನು ಒಂದೇ ಸಾಲು ಹತ್ತು ಸಲ ಎಂದರೆ ಹೇಗೆ? ನಾವು ಅವರಿಗೆ ಕೊಟ್ಟ ಪ್ರಶ್ನೆಯೇ ತಪ್ಪಿತ್ತು. ‘ಇದು ಸಾಹಿತ್ಯವೇ?’ ಎಂದು ಕೇಳಿದ್ದೆವು. ಹಾಡನ್ನು ಮೇಲೆತ್ತಲು ಹೋಗಿ, ಇನ್ನೊಬ್ಬರ ಅಳತೆಗೋಲಿನ ಕೆಳಗೆ ನಿಲ್ಲಿಸಿ ಅವಮಾನ ಮಾಡಿದ ಹಾಗಾಯಿತು.

ಅದೇ ಸಂಚಿಕೆಗೆ ಹಿಂದಿನ ವರ್ಷದ ತಪ್ಪು ಸರಿಪಡಿಸಲು ಇನ್ನೊಂದು ಯೋಚನೆ ಮಾಡಿದ್ದೆವು. ಅಬೊರಿಜಿನಲ್ ಲೇಖಕಿಯೊಬ್ಬರಿಗೆ ಫೋನ್ ಮಾಡಿ, ಅಬೊರಿಜಿನಲ್ ಗಾಯಕರ ಬಗ್ಗೆ ಮುನ್ನೂರು ಪದದ ಒಂದು ಬಾಕ್ಸ್ ಬರೆದುಕೊಡಿ ಎಂದು ಕೇಳಿದೆವು. ಫೋನ್ ಮಾಡಿದ್ದು ಸಂಪಾದಕಿ. ನಾನು ಪಕ್ಕದಲ್ಲೇ ಇದ್ದೆ. ಆಕೆ ಒಪ್ಪಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಇಲ್ಲ. “ನನ್ನ ಅಪ್ಪನ ಹಾಡನ್ನು ನಿಮ್ಮ ಬರಹದ ಪಕ್ಕದಲ್ಲಿ ಪೆಟ್ಟಿಗೆಯೊಳಗೆ ಇಡುವುದಿಲ್ಲ. ಮುಖ್ಯ ಬರಹವೇ ನನ್ನದಾಗುವ ದಿನ ಫೋನ್ ಮಾಡಿ,” ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: “ನೀವು ಕಂಟ್ರಿ ಎಂದು ಬರೆಯುತ್ತೀರಲ್ಲ, ಯಾವ ಕಂಟ್ರಿ?”

ಅಬೊರಿಜಿನಲ್ ಜನರ ಇಂಗ್ಲಿಷಿನಲ್ಲಿ ‘ಕಂಟ್ರಿ’ ಅಂದರೆ ದೇಶವೂ ಅಲ್ಲ, ಹಳ್ಳಿಯೂ ಅಲ್ಲ. ತಮ್ಮ ಹಿರಿಯರ ನೆಲ, ನೀರು, ಆಕಾಶ, ಅಲ್ಲಿನ ಜೀವಗಳು, ಅವುಗಳ ಕಥೆ, ಅವುಗಳಿಗೆ ತಾವು ಮಾಡಬೇಕಾದ ಕರ್ತವ್ಯ, ಎಲ್ಲವೂ ಆ ಒಂದೇ ಮಾತಿನಲ್ಲಿದೆ. ಬರೆಯುವಾಗ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯುತ್ತಾರೆ, ವ್ಯಕ್ತಿಯ ಹೆಸರಿನ ಹಾಗೆ. ನಮ್ಮ ಲಿಪಿಯಲ್ಲಿ ಆ ವ್ಯತ್ಯಾಸ ತೋರಿಸಲು ಬರುವುದಿಲ್ಲ. ಟ್ಯಾಮ್‌ವರ್ತ್ ಇರುವುದು ಗಮಿಲರಾಯ್ ಜನರ ನೆಲದಲ್ಲಿ. ಆ ಊರಿನ ಉತ್ಸವದ ಬಗ್ಗೆ ವರ್ಷ ವರ್ಷ ಬರೆದ ನಾವು ಒಮ್ಮೆಯೂ ಆ ಮಾತಿನ ಎರಡನೇ ಅರ್ಥದ ಹತ್ತಿರ ಹೋಗಿರಲಿಲ್ಲ.

ಆ ವರ್ಷ ಬಾಕ್ಸ್ ಖಾಲಿ ಹೋಯಿತು. ಅದಕ್ಕೆ ಬೇರೆ ಯಾರಿಂದಲೋ ಬರೆಸಿ ತುಂಬಬಹುದಿತ್ತು. ಸಂಪಾದಕಿ ಬೇಡ ಎಂದರು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದಲ್ಲಿ ಅವರು ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರ ಅದು.

ಮೂರನೇ ವರ್ಷ: ತಾರೀಖು ಬಿಟ್ಟುಕೊಟ್ಟದ್ದು

ನವೆಂಬರಿನಲ್ಲಿ ಮೂವರು ಕೂತೆವು: ಸಂಪಾದಕಿ, ಸಂಗೀತದ ವರದಿಗಾರ, ನಾನು. ಎರಡು ವರ್ಷದ ಪುಟಗಳನ್ನು ಗೋಡೆಗೆ ಅಂಟಿಸಿದ್ದೆವು. ವರದಿಗಾರ ಹೇಳಿದ, “ಉತ್ಸವದ ಹಿಂದೆ ಓಡುವುದನ್ನೇ ಬಿಟ್ಟರೆ?” ಅಷ್ಟು ಹೊತ್ತು ಯಾರಿಗೂ ಅದು ಹೊಳೆದಿರಲಿಲ್ಲ. ಜನವರಿಯ ಪುಟ ಜನವರಿಯಲ್ಲೇ ಬರಬೇಕು ಎಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ನಾವೇ ಹಾಗಂದುಕೊಂಡಿದ್ದೆವು. ಪ್ರಶಸ್ತಿ, ಕಾರ್ಯಕ್ರಮ ಪಟ್ಟಿ ಇವನ್ನೆಲ್ಲ ದಿನದ ಸುದ್ದಿ ಪುಟಕ್ಕೆ ಬಿಡುವುದು. ಪುರವಣಿಯಲ್ಲಿ ಫೆಬ್ರವರಿಯ ಎರಡು ಶನಿವಾರ, ಎಲ್ಲ ಮುಗಿದ ಮೇಲೆ, ಕೇಳಿದ್ದನ್ನು ಬರೆಯುವುದು.

ಜಾಹೀರಾತು ವಿಭಾಗ ವಿರೋಧಿಸಿತು. ಉತ್ಸವಕ್ಕೆ ಮುಂಚೆ ಬರುವ ಪುಟಕ್ಕೆ ಹೋಟೆಲು, ಟೂರಿಸಂ ಜಾಹೀರಾತು ಸಿಗುತ್ತದೆ. ಮುಗಿದ ಮೇಲೆ ಯಾರು ಕೊಡುತ್ತಾರೆ? ಅವರ ಮಾತಿನಲ್ಲಿ ಹುರುಳಿತ್ತು. ಕೊನೆಗೆ ಜನವರಿಯ ಕಾರ್ಯಕ್ರಮ ಪಟ್ಟಿ ಜಾಹೀರಾತಿನ ಜೊತೆಗೇ ಸುದ್ದಿ ಪುಟದಲ್ಲಿ ಇರಲಿ ಎಂದು ರಾಜಿಯಾಯಿತು. ಆದರೂ ಫೆಬ್ರವರಿಯ ಪುಟಗಳಿಗೆ ಬಂದ ದುಡ್ಡು ಕಡಿಮೆಯೇ.

ಹಿಂದಿನ ವರ್ಷದ ಪುಸ್ತಕ ವಿಮರ್ಶಕರನ್ನು ನಾವು ಕೈಬಿಡಲಿಲ್ಲ. ವರದಿಗಾರನ ಜೊತೆ ಟ್ಯಾಮ್‌ವರ್ತ್‌ಗೆ ಕಳಿಸಿದೆವು. ಮುಖ್ಯ ವೇದಿಕೆಗೆ ಹೋಗಬೇಡಿ, ಬೆಳಗಿನ ತಿಂಡಿಯ ಹೊತ್ತಿಗೆ ನಡೆಯುವ ಬುಷ್ ಪದ್ಯವಾಚನಕ್ಕೆ ಹೋಗಿ ಎಂದು ಹೇಳಿದೆವು. ಅಲ್ಲಿ ಜನ ತಟ್ಟೆಯಲ್ಲಿ ಮೊಟ್ಟೆ, ಬ್ರೆಡ್ಡು ಇಟ್ಟುಕೊಂಡು ಪದ್ಯ ಕೇಳುತ್ತಾರೆ. ನಿವೃತ್ತ ಲಾರಿ ಡ್ರೈವರ್ ಒಬ್ಬರು ಚೀಟಿ ನೋಡದೆ ಲಾಸನ್ ಪದ್ಯವನ್ನು ಉದ್ದಕ್ಕೂ ಹೇಳಿದರು. ಅದೇ ಮಧ್ಯಾಹ್ನ ಒಂದು ಪಬ್ಬಿನ ಹಿತ್ತಲಲ್ಲಿ ಬೇರೊಬ್ಬರು ಅದೇ ಪದ್ಯವನ್ನು ಗಿಟಾರಿನ ಜೊತೆ ಹಾಡಿದರು. ಡ್ರೈವರ್ ಹಿಂದಿನ ಬೆಂಚಿನಲ್ಲಿ ಕೂತು ತುಟಿ ಆಡಿಸುತ್ತಿದ್ದರು. ಹಾಡುಗಾರ ಒಂದು ಸಾಲು ಬಿಟ್ಟಾಗ ಜೋರಾಗಿ ಆ ಸಾಲು ಹೇಳಿಯೇ ಬಿಟ್ಟರು.

ವಿಮರ್ಶಕರು ಮನಸ್ಸು ಬದಲಾಯಿಸಿದರು ಎಂದೇನಲ್ಲ. ಆಲ್ಬಮ್ಮಿನ ಬಗ್ಗೆ ಅವರ ಅಭಿಪ್ರಾಯ ಇವತ್ತಿಗೂ ಅದೇ. ಬದಲಾದದ್ದು ಅವರ ಪ್ರಶ್ನೆ. ಯಾವ ಸಾಲನ್ನು ಜನ ನೂರು ವರ್ಷ ಇಟ್ಟುಕೊಂಡರು, ಯಾವುದನ್ನು ಬಿಟ್ಟರು, ಹಾಡುವಾಗ ಯಾವ ಪದ ಸವೆದು ಬೇರೆಯಾಯಿತು ಎಂದು ಅವರು ಬರೆದರು. ನಮ್ಮ ಪುರವಣಿಯಲ್ಲಿ ನಾನು ಎಡಿಟ್ ಮಾಡಿದ ಬರಹಗಳಲ್ಲಿ ಅದು ನನಗೆ ಅತ್ಯಂತ ಇಷ್ಟವಾದದ್ದು.

ಅದರಲ್ಲಿ ಇನ್ನೊಂದು ವಿಷಯ ಬಂತು. ಬಾರ್ಬರಾ ಬೇಂಟನ್ ಎಂಬ ಲೇಖಕಿಯ ಕಥೆಯೊಂದನ್ನು 1896ರಲ್ಲಿ ಬುಲೆಟಿನ್ ಬೇರೆ ಹೆಸರಿಟ್ಟು, ಭಾಗಗಳನ್ನು ಕತ್ತರಿಸಿ ಪ್ರಕಟಿಸಿತು. ಬುಷ್‌ನ ಒಂಟಿ ಮನೆಯಲ್ಲಿ ಹೆಂಗಸಿಗೆ ಇರುವ ಭಯದ ಕಥೆ ಅದು. ಪೂರ್ತಿ ರೂಪ ಓದುಗರಿಗೆ ಸಿಕ್ಕಿದ್ದು 1902ರಲ್ಲಿ ಅವರ ‘ಬುಷ್ ಸ್ಟಡೀಸ್’ ಪುಸ್ತಕದಲ್ಲಿ. ಬುಷ್ ಅಂದರೆ ಗಂಡಸರ ಗೆಳೆತನ ಎಂಬ ಚಿತ್ರ ಹೇಗೆ ಗಟ್ಟಿಯಾಯಿತು ಎನ್ನುವುದಕ್ಕೆ ಆ ಕತ್ತರಿಯೂ ಒಂದು ಉತ್ತರ. ಕಂಟ್ರಿ ಹಾಡಿನಲ್ಲೂ ಹೀಗೇ. ಸ್ಲಿಮ್ ಡಸ್ಟಿ ದನಿಯಲ್ಲಿ ಎಲ್ಲರೂ ಕೇಳಿದ ‘ಲೈಟ್ಸ್ ಆನ್ ದ ಹಿಲ್’ ಬರೆದದ್ದು ಅವರ ಹೆಂಡತಿ ಜಾಯ್ ಮೆಕೀನ್. ರಾತ್ರಿ ಲಾರಿ ಓಡಿಸುವವನ ಕಷ್ಟದ ಹಾಡು. 1973ರಲ್ಲಿ ಮೊಟ್ಟಮೊದಲ ಗೋಲ್ಡನ್ ಗಿಟಾರ್ ಪಡೆದದ್ದು ಆ ಹಾಡಿಗಾಗಿ, ಜಾಯ್ ಅವರೇ. ನಮ್ಮ ಹಳೆಯ ಸಂಚಿಕೆಗಳಲ್ಲಿ ಹುಡುಕಿದೆ. ಎಲ್ಲ ಕಡೆ ‘ಸ್ಲಿಮ್ ಡಸ್ಟಿಯ ಹಾಡು’ ಎಂದೇ ಇತ್ತು.

ಆಗ ನಾನು ಒಂದು ಸಲಹೆ ಕೊಟ್ಟೆ. ಯಾವ ಹಾಡಿನ ಹೆಸರು ಪುಟದಲ್ಲಿ ಬಂದರೂ ಮೊದಲ ಸಲ ಬಂದಲ್ಲೇ ಬರೆದವರ ಹೆಸರು ಇರಬೇಕು. ಪದ್ಯದಿಂದ ಬಂದದ್ದಾದರೆ ಕವಿಯ ಹೆಸರೂ ಬೇಕು. ಪುಟ ಇಳಿಸುವಾಗ ಈ ಹೆಸರುಗಳನ್ನು ಮುಟ್ಟುವ ಹಾಗಿಲ್ಲ, ಬೇರೆ ಏನನ್ನಾದರೂ ತೆಗೆಯಬೇಕು. ವರದಿಗಾರ ಗೊಣಗಿದ, ವಾಕ್ಯ ಭಾರವಾಗುತ್ತದೆ ಎಂದು. ಹಾಗಾದರೆ ಫೋಟೋ ಕೆಳಗೆ ಒಂದು ಸಾಲು ಮೀಸಲಿಡೋಣ ಎಂದು ಸಂಪಾದಕಿ ಹೇಳಿದರು. ಆ ಫೆಬ್ರವರಿಯಲ್ಲಿ ಮೊದಲ ಸಲ ಹೀಗೆ ಅಚ್ಚಾಯಿತು: ಪದ್ಯ ಡ್ಯಾನ್ ಶೀಹನ್, ಹಾಡು ಗಾರ್ಡನ್ ಪಾರ್ಸನ್ಸ್, ದನಿ ಸ್ಲಿಮ್ ಡಸ್ಟಿ. ಸಂಚಿಕೆಯ ಒಂದು ಪ್ರತಿಯನ್ನು ಕಬ್ಬಿನ ಸೀಮೆಯ ಆ ಅಜ್ಜಿಗೆ ಅಂಚೆಯಲ್ಲಿ ಕಳಿಸಿದೆ. ಉತ್ತರ ಬಂತು. ಧನ್ಯವಾದ ಹೇಳಿ, ಬರಹದಲ್ಲಿ ಒಂದು ರಸ್ತೆಯ ದಿಕ್ಕು ತಪ್ಪಾಗಿದೆ ಎಂದು ತಿದ್ದಿದ್ದರು.

ಎರಡನೇ ಶನಿವಾರದ ಮುಖ್ಯ ಬರಹ ಆ ಅಬೊರಿಜಿನಲ್ ಲೇಖಕಿಯದು. ಪದಮಿತಿ ಹಾಕಲಿಲ್ಲ. ಯಾವುದರ ಬಗ್ಗೆ ಎಂದೂ ನಾವು ಹೇಳಲಿಲ್ಲ. ಆಕೆ ಬರೆದದ್ದು ಕ್ಯಾಸೆಟ್ಟುಗಳ ಬಗ್ಗೆ. ಅಬೊರಿಜಿನಲ್ ಸಮುದಾಯಗಳಲ್ಲಿ ಸ್ಲಿಮ್ ಡಸ್ಟಿ ಎಷ್ಟು ಪ್ರೀತಿಯ ಗಾಯಕ, ಅವರ ಹಾಡಿನ ಕ್ಯಾಸೆಟ್ ಎಷ್ಟು ದೂರದ ನೆಲೆಗಳಿಗೆ ಹೋಯಿತು, ಅದನ್ನು ಕೇಳಿ ತನ್ನ ಅಪ್ಪ ಹೇಗೆ ಗಿಟಾರ್ ಕಲಿತ. 1980ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಶುರುವಾದ ‘ಕಾಮಾ’ ಎಂಬ ಅಬೊರಿಜಿನಲ್ ಮಾಧ್ಯಮ ಸಂಸ್ಥೆ ತಮ್ಮವರ ಬ್ಯಾಂಡುಗಳನ್ನೇ ಹೇಗೆ ಕ್ಯಾಸೆಟ್ಟಿಗೆ ತಂದಿತು. ದನಗಾಹಿ ಕೆಲಸ ಮಾಡಿದ್ದು ಅಬೊರಿಜಿನಲ್ ಗಂಡಸರು, ಹಾಡಿನಲ್ಲಿ ಬಂದದ್ದು ಹೆಚ್ಚಾಗಿ ಬೇರೆಯವರ ಮುಖ. ಹಾಗಿದ್ದೂ ಆ ಹಾಡಿನೊಳಗೆ ಅಪ್ಪ ತನ್ನ ನೆಲದ ಹೆಸರುಗಳನ್ನು ಸೇರಿಸಿ ಹಾಡುತ್ತಿದ್ದ. ಮನೆಯಿಂದ ದೂರ ಇದ್ದವನಿಗೆ ಅದು ನೆಲದ ನಕ್ಷೆ. ಈ ಭಾಗದ ಪ್ರೂಫ್ ಓದುವಾಗ ಡೆಸ್ಕಿನಲ್ಲಿ ಯಾರೂ ಮಾತಾಡಲಿಲ್ಲ.

ಏನಾಯಿತು

ಮಾರಾಟ ಏರಲಿಲ್ಲ. ಒಂದು ಪುರವಣಿಯ ಎರಡು ವಾರದಿಂದ ಅದನ್ನು ಅಳೆಯಲೂ ಆಗದು. ಪತ್ರಗಳು ಮಾತ್ರ ಬಂದವು. ಹಿಂದಿನ ಎರಡು ವರ್ಷಗಳಿಗಿಂತ ಜಾಸ್ತಿ, ಮತ್ತು ಬೇರೆ ಥರ. ಮೊದಲು ದೂರು ಬರುತ್ತಿತ್ತು. ಈಗ ಜನ ತಮ್ಮ ಮನೆಯ ಹಾಡಿನ ವಿಷಯ ಬರೆದರು. ಅಜ್ಜ ಹೇಳುತ್ತಿದ್ದ ಪದ್ಯ ಯಾರದು, ಹುಡುಕಿಕೊಡಿ ಎಂದು ಕೇಳಿದರು. ಕೆಲವು ಸಿಕ್ಕವು, ಕೆಲವು ಸಿಗಲಿಲ್ಲ.

ಟೀಕೆಯೂ ಬಂತು. ಪುಸ್ತಕದ ಪುಟ ಹಾಡಿಗೆ ಹೋದದ್ದರಿಂದ ಎರಡು ಹೊಸ ಕಾದಂಬರಿಗಳ ವಿಮರ್ಶೆ ತಿಂಗಳು ಹಿಂದೆ ಬಿತ್ತು. ಆ ಲೇಖಕರಿಗೆ ಅನ್ಯಾಯವಾಯಿತು, ನಿಜ. ಅದಕ್ಕೆ ನಮ್ಮ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಪುಟ ಇರುವುದೇ ಇಷ್ಟು.

ಸಂಪಾದಕಿ ಮರುವರ್ಷ ಕೆಲಸ ಬಿಟ್ಟರು. ಪುರವಣಿಯ ಪುಟಗಳು ಕಡಿಮೆಯಾದವು. ಟ್ಯಾಮ್‌ವರ್ತ್ ಬರಹ ಮತ್ತೆ ಜನವರಿಗೆ ಹೋಯಿತು, ಉತ್ಸವಕ್ಕೆ ಮುಂಚೆ, ಜಾಹೀರಾತಿನ ಜೊತೆ. ಉಳಿದದ್ದು ಎರಡು. ಹಾಡು ಬರೆದವರ ಹೆಸರಿನ ಸಾಲು ಉಳಿಯಿತು. ಅದು ಯಾರಿಗೂ ತೊಂದರೆ ಕೊಡದ ಸಣ್ಣ ಸಾಲು. ಬಹುಶಃ ಅದಕ್ಕೇ ಉಳಿಯಿತು. ಇನ್ನೊಂದು, ಆ ಲೇಖಕಿಯ ಮಾತು.

ಅವರ ಬರಹ ಅಚ್ಚಿನಲ್ಲಿ ಸರಿಯಾಗಿಯೇ ಬಂದಿತ್ತು. ಆದರೆ ಶನಿವಾರ ಬೆಳಿಗ್ಗೆ ವೆಬ್‌ಸೈಟಿನಲ್ಲಿ ನೋಡಿದರೆ ಅವರು ದೊಡ್ಡ ಅಕ್ಷರದಲ್ಲಿ ಬರೆದ ‘ಕಂಟ್ರಿ’ ಎಲ್ಲ ಕಡೆಯೂ ಸಣ್ಣ ಅಕ್ಷರವಾಗಿತ್ತು. ನಮ್ಮ ಸಾಫ್ಟ್‌ವೇರು ಅದನ್ನು ತಪ್ಪು ಎಂದು ತಿಳಿದು ತಾನೇ ತಿದ್ದಿತ್ತು. ಅವರು ಫೋನ್ ಮಾಡಿದರು. ನಾನು ಮನೆಯಿಂದ ಲಾಗಿನ್ ಆಗಿ ಒಂದೊಂದಾಗಿ ಸರಿ ಮಾಡಿದೆ, ಒಟ್ಟು ಹದಿನೇಳು ಕಡೆ. ಸೋಮವಾರ ತಾಂತ್ರಿಕ ವಿಭಾಗದವರನ್ನು ಕೇಳಿದೆ. ಸಂಗೀತದ ಕಂಟ್ರಿ ಯಾವುದು, ನೆಲದ ಕಂಟ್ರಿ ಯಾವುದು ಎಂದು ಯಂತ್ರಕ್ಕೆ ಹೇಳಿಕೊಡಲು ಆಗುವುದಿಲ್ಲ, ಓದಿದವರೇ ನೋಡಬೇಕು ಎಂದರು. ಡೆಸ್ಕಿನ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿದೆ: ಈ ಪದ ಬಂದರೆ ಬರೆದವರನ್ನು ಕೇಳಿ, ಕೈಯಿಂದ ತಿದ್ದಿ. ನಾನು ಅಲ್ಲಿಂದ ಹೊರಡುವ ದಿನವೂ ಆ ಚೀಟಿ ಅಲ್ಲೇ ಇತ್ತು. ಬಿಸಿಲಿಗೆ ಹಳದಿಯಾಗಿತ್ತು.